ಅಳಿಯಂದಿರ ಕೆನ್ನೆಯ ದೃಷ್ಟಿಬೊಟ್ಟು

ನನ್ನ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳಲ್ಲಿ ಬಲಗಡೆ ಮೇಲ್ಭಾಗಕ್ಕೆ ಒಂದು ಕಪ್ಪು ಚುಕ್ಕೆ ಬೀಳುತ್ತಿತ್ತು. ಸಾಸಿವೆ ಕಾಳಿಗಿಂತ ಚಿಕ್ಕದು, ಅಂಚು ಮಸುಕು. ಅದನ್ನು ಹೋಗಲಾಡಿಸುವುದು ಹೇಗೆಂದು ನನಗೆ ಗೊತ್ತಿತ್ತು. ಆದರೂ ಹಾಗೇ ಬಿಟ್ಟೆ. ಒಬ್ಬರಿಗಾಗಿ ಕಾದಿಟ್ಟೆ.

ಆ ಒಬ್ಬರು ನನ್ನ ನಾದಿನಿಯ ಗಂಡ. ಮನೆಗೆ ಒಬ್ಬರೇ ಅಳಿಯ, ಹೀಗಾಗಿ ಎಲ್ಲರ ಬಾಯಲ್ಲೂ ಅಳಿಯಂದಿರು. ಅದಿರಿನ ಲಾರಿಗಳನ್ನು ಇಟ್ಟಿದ್ದರು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿ ಲಾರಿ ಇಟ್ಟವರ ಮನೆಗೆ ಮಹಡಿಯ ಮೇಲೆ ಮಹಡಿ ಏರುತ್ತಿತ್ತು, ನಮ್ಮಂಥವರ ಮನೆಯಲ್ಲಿ ಧೂಳು ಏರುತ್ತಿತ್ತು. ಪಾರ್ವತಿನಗರದ ನಮ್ಮ ಮನೆಯ ಕಿಟಕಿ ಸರಳುಗಳನ್ನು ಬೆಳಿಗ್ಗೆ ಒರೆಸಿದರೆ ಸಂಜೆಗೆ ಅದೇ ಬಟ್ಟೆ ಮತ್ತೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ತುಳಸಿ ಎಲೆಯನ್ನು ಎರಡು ಸಲ ತೊಳೆದು ಪೂಜೆಗೆ ಇಡಬೇಕಾಗಿತ್ತು. ಈ ಧೂಳು ಒಂದು ದಿನ ನನ್ನ ಕೈಗೆ ಆಯುಧವಾಗಿ ಬರುತ್ತದೆಂದು ಆಗ ನನಗೇನು ಗೊತ್ತು?

ಮದುವೆಯಾಗಿ ಹತ್ತು ವರ್ಷ ತುಂಬಿದಾಗ ನಮ್ಮ ಯಜಮಾನರು, "ರೇಷ್ಮಿ ಸೀರಿ ತರೂನೇನು?" ಎಂದು ಕೇಳಿದರು. ಕ್ಯಾಮೆರಾ ಬೇಕು ಎಂದೆ. ಅವರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಅಂಗಡಿಗೆ ಕರೆದುಕೊಂಡು ಹೋದರು. ಕ್ಯಾಮೆರಾದ ಜೊತೆಗೇ ಒಂದು ಚಿಕ್ಕ ಲೆನ್ಸು ಬರುತ್ತಿತ್ತು. ಅಂಗಡಿಯವ ಅದನ್ನು ಬದಿಗಿಟ್ಟು, ಮೊಣಕೈಯಷ್ಟು ಉದ್ದದ ಝೂಮ್ ಲೆನ್ಸೊಂದನ್ನು ಗಾಜಿನ ಪೆಟ್ಟಿಗೆಯಿಂದ ಮಗುವನ್ನು ಎತ್ತಿದಂತೆ ಎತ್ತಿ ಹೊರತೆಗೆದ.

"ಇದನ್ನ ಹಾಕ್ರಿ ಮೇಡಂ. ಕೋಟಿ ಗುಡ್ಡದ ಮ್ಯಾಲ ಕುಂತ ಕಾಗಿ ಕಣ್ಣೂ ಕಾಣತೈತಿ."

"ನನಗ ಅಡಿಗಿಮನ್ಯಾಗ ನಿಂತವರ ಮುಖ ಬೇಕ್ರಿ," ಎಂದೆ.

ಅವನಿಗೆ ನಗು ಬಂತು. ನಾನು ಏನನ್ನೂ ಆರಿಸದೆ, ಜೊತೆಗೆ ಬಂದ ಚಿಕ್ಕ ಲೆನ್ಸಿನೊಂದಿಗೆ ಮನೆಗೆ ಬಂದೆ.

ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಒಂದು ದಪ್ಪ ಕೈಪಿಡಿ ಇತ್ತು. ಅಂಥದನ್ನು ಯಾರೂ ಓದುವುದಿಲ್ಲ, ಟೀವಿಯ ಕೈಪಿಡಿಯ ಜೊತೆ ಅಲಮಾರಿಗೆ ಸೇರಿಸುತ್ತಾರೆ. ಕಾನ್ವೆಂಟಿನಲ್ಲಿ ಕಲಿತ ನನ್ನ ಇಂಗ್ಲಿಷಿಗೆ ಮದುವೆಯಾದ ಮೇಲೆ ಔಷಧಿ ಬಾಟಲಿಯ ಚೀಟಿ ಓದುವ ಕೆಲಸ ಬಿಟ್ಟರೆ ಬೇರೆ ಕೆಲಸವೇ ಸಿಕ್ಕಿರಲಿಲ್ಲ. ಸಿಸ್ಟರ್ ಹೇಳಿಕೊಟ್ಟ ಹಾಗೆ ಗೊತ್ತಿಲ್ಲದ ಪದಕ್ಕೆ ಸ್ಕೇಲಿಟ್ಟು ಪೆನ್ಸಿಲಿನ ಗೆರೆ ಎಳೆದೆ, ಅಂಚಿನಲ್ಲಿ ಅರ್ಥ ಬರೆದೆ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕೈಪಿಡಿ. ನಲವತ್ತನೆಯ ಪುಟದಲ್ಲಿ ಇವತ್ತಿಗೂ ಸಾರಿನ ಕಲೆಯಿದೆ. ಆಮೇಲೆ ರದ್ದಿ ಅಂಗಡಿಯಲ್ಲಿ ಹಳೆಯ ಫೋಟೋಗ್ರಫಿ ಪತ್ರಿಕೆಗಳು ಸಿಕ್ಕವು. ಕೆಲವಕ್ಕೆ ರಟ್ಟಿರಲಿಲ್ಲ, ಕೆಲವಕ್ಕೆ ಬೇಕಾದ ಪುಟವೇ ಇರಲಿಲ್ಲ. ಉಳಿದದ್ದಕ್ಕೆ ನಮ್ಮ ಬೀದಿಯ ನೆಟ್ ಸೆಂಟರಿಗೆ ಹೋಗಿ ಪ್ರಿಂಟ್ ತೆಗೆಸಿದೆ. ಅಲ್ಲಿ ಯಾವುದೋ ದೇಶದವರೊಬ್ಬರು ಬರೆದಿದ್ದರು: ಹೊಸಬರಾದರೆ ಐವತ್ತು ಮಿಲಿಮೀಟರಿನ ಲೆನ್ಸು ತೆಗೆದುಕೊಳ್ಳಿ, ಅದರಲ್ಲಿ ಝೂಮ್ ಇಲ್ಲ, ನೀವೇ ನಡೆದು ಹತ್ತಿರ ಹೋಗಬೇಕು, ಒಂದು ವರ್ಷ ಬೇರೆ ಏನನ್ನೂ ಕೊಳ್ಳಬೇಡಿ. ಆ ಮಾತು ಯಾಕೋ ನನಗೆ ಹಿಡಿಸಿತು. ಮುಂದಿನ ತಿಂಗಳು ಆ ಲೆನ್ಸು ತರಿಸಿಕೊಂಡೆ. ಹಗುರ, ಗಿಡ್ಡ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳದಂತೆ ಇತ್ತು.

ಅಳಿಯಂದಿರು ಅದನ್ನು ನೋಡಿದ ವಾರದಲ್ಲೇ ತಾವೂ ಒಂದು ಕ್ಯಾಮೆರಾ ಕೊಂಡರು. ಅಂಗಡಿಯವ ನನಗೆ ತೋರಿಸಿದ್ದ ಅದೇ ಮೊಣಕೈ ಉದ್ದದ ಲೆನ್ಸಿನ ಜೊತೆ. ಕೊರಳಲ್ಲಿ ಹಾಕಿಕೊಂಡು ಬಂದರು.

"ಝೂಮ್ ಇಲ್ಲಂದ್ರ ಅದೆಂಥಾ ಲೆನ್ಸ್ ತಂಗೆಮ್ಮ? ದೂರದ್ದು ಹೆಂಗ ತೆಗೀತಿ?"

"ಹತ್ರ ಹೋಗ್ತೀನ್ರಿ ಅಣ್ಣಾರ."

"ಹುಲಿ ಇದ್ರ?"

"ಪಾರ್ವತಿನಗರದಾಗ ಎಲ್ಲೈತ್ರಿ ಹುಲಿ?"

ಅತ್ತೆ ನಗಲಿಲ್ಲ. ಅಳಿಯಂದಿರಿಗೆ ಎದುರು ಮಾತಾಡಿದ್ದು ಅವರಿಗೆ ಸರಿ ಬರಲಿಲ್ಲ. ನಾನು ಆ ಮನೆಗೆ ಬಂದು ಹತ್ತು ವರ್ಷವಾದರೂ ಅವರಿಗೆ 'ಕಾನ್ವೆಂಟಿನಾಕಿ'ಯೇ. ರೊಟ್ಟಿ ಬಡಿಯಲು ಬರಲಿ, ಬಾರದಿರಲಿ, ಹೆಸರು ಅದೇ. ಅವರು ನನ್ನನ್ನು ಬಯ್ದದ್ದಿಲ್ಲ. ನೋಡಿದ್ದೂ ಇಲ್ಲ. ನನ್ನ ಕಡೆ ತಿರುಗಿದಾಗಲೂ ಅವರ ಕಣ್ಣು ನನ್ನ ಕೈಯಲ್ಲಿರುವ ತಟ್ಟೆಯ ಮೇಲೆ ಇರುತ್ತಿತ್ತು.

ಚುಕ್ಕೆ ಬಂದದ್ದು ಕುರುಗೋಡಿಗೆ ಹೋದ ದಿನ. ಅಲ್ಲಿನ ಬಂಡೆಗಳ ಚಿತ್ರ ತೆಗೆಯಬೇಕೆಂದು ಯಜಮಾನರ ಸ್ಕೂಟರಿನಲ್ಲಿ ಹೊರಟಿದ್ದೆ. ಊರು ದಾಟುವ ಮೊದಲೇ ರಸ್ತೆಯ ಬದಿಯಲ್ಲಿ ನಿಲ್ಲಿಸಿ, ಚಿಕ್ಕ ಲೆನ್ಸು ತೆಗೆದು ಐವತ್ತರದನ್ನು ಹಾಕುತ್ತೇನೆಂದೆ. ಕ್ಯಾಮೆರಾದ ಬಾಯಿಯನ್ನು ಆಕಾಶಕ್ಕೆ ತೆರೆದು ಹಿಡಿದುಕೊಂಡೇ ಚೀಲದಲ್ಲಿ ಇನ್ನೊಂದು ಲೆನ್ಸು ಹುಡುಕುತ್ತಿದ್ದೆ. ತಾಡಪತ್ರಿ ಬಿಗಿಯದ ಒಂದು ಅದಿರಿನ ಲಾರಿ ಪಕ್ಕದಲ್ಲೇ ಭರ್ರೆಂದು ಹೋಯಿತು. ಹಲ್ಲಿನ ಸಂದಿಗೂ ಧೂಳು ಹೊಕ್ಕಿತು. ಆ ಲಾರಿ ಅಳಿಯಂದಿರದೇ ಇರಬಹುದೆಂದು ನಾನು ಆಮೇಲೆ ಎಷ್ಟೋ ಸಲ ಆಸೆಯಿಂದ ಯೋಚಿಸಿದ್ದೇನೆ.

ಕುರುಗೋಡಿನ ಬಂಡೆಗಳ ಮೇಲಿನ ನೀಲಿ ಆಕಾಶದಲ್ಲಿ, ಪ್ರತಿ ಚಿತ್ರದಲ್ಲೂ ಅದೇ ಜಾಗದಲ್ಲಿ, ಚುಕ್ಕೆ. ಮೊದಲು ಹದ್ದು ಅಂದುಕೊಂಡೆ. ಹದ್ದು ಒಂದೇ ಕಡೆ ಎಷ್ಟು ಹೊತ್ತು ನಿಂತೀತು? ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಒಂದು ಹಳೆಯ ಸ್ಟುಡಿಯೋ ಇತ್ತು. ಮಾಲೀಕರು ಮುಸ್ಲಿಂ ಹಿರಿಯರು, ಫಿಲ್ಮ್ ರೋಲಿನ ಕಾಲದಿಂದ ಮೂರು ತಲೆಮಾರಿನ ಮದುವೆಗಳನ್ನು ತೆಗೆದವರು. ಕ್ಯಾಮೆರಾ ತಿರುಗಿಸಿ ನೋಡಿ ನಕ್ಕರು.

"ಬಾಯಿ ಮ್ಯಾಲ ಮಾಡಿ ತೆಗೆದ್ರೇನಮ್ಮಾ? ಲೆನ್ಸ್ ಬದಲಿ ಮಾಡೂವಾಗ ಅದರ ಬಾಯಿ ನೆಲ ನೋಡ್ಬೇಕು. ರೋಲಿದ್ದಾಗ ಕಸ ಬಿದ್ರ ರೋಲಿನ ಜೋಡಿ ಮುಂದಕ್ಕ ಹೋಗ್ತಿತ್ತು. ಇದರಾಗ ಹಂಗಲ್ಲ, ಕಸ ಅಲ್ಲೇ ಸಂಸಾರ ಹೂಡತೈತಿ. ಕೊಡ್ರಿ, ಗಾಳಿ ಊದಿ ತೆಗೀತೀನಿ."

ಅಷ್ಟರಲ್ಲಿ ಅವರ ಅಂಗಡಿಗೆ ಪಾಸ್‌ಪೋರ್ಟ್ ಫೋಟೋಗೆ ಒಂದು ಇಡೀ ಕುಟುಂಬವೇ ನುಗ್ಗಿತು. ಇನ್ನೊಂದು ದಿನ ಬರುತ್ತೇನೆಂದು ಹೊರಟೆ.

ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ನೋಡಿ ಅಳಿಯಂದಿರಿಗೆ ಹಬ್ಬವೇ ಆಯಿತು. "ಬರ್ರಿ ಎಲ್ಲಾರೂ! ತಂಗೆಮ್ಮ ಆಕಾಶಕ್ಕ ದೃಷ್ಟಿಬೊಟ್ಟು ಇಟ್ಟಾಳ!" ಅಂದಿನಿಂದ ಬಂಧುಬಳಗದಲ್ಲೆಲ್ಲ ನನ್ನ ಚಿತ್ರಗಳಿಗೆ ಅದೇ ಗುರುತು. ಚುಕ್ಕೆ ಇದ್ದರೆ ನನ್ನದು. ನಾನೂ ನಕ್ಕೆ. ಸೌಮ್ಯವಾಗಿ ನಗುವುದನ್ನು ನಮಗೆ ಶಾಲೆಯಲ್ಲೇ ಕಲಿಸಿದ್ದರು.

ಇದಾದ ಮೇಲೆ ಸಿರುಗುಪ್ಪ. ಅದು ಅತ್ತೆಯ ತವರು. ಅವರ ಅಣ್ಣಂದಿರಿಗೆ ಅಕ್ಕಿ ಗಿರಣಿ ಇತ್ತು. ಸುಗ್ಗಿಯ ನಂತರ ಒಂದು ಭಾನುವಾರ ಎಲ್ಲರೂ ಹೋಗಿದ್ದೆವು, ಅಳಿಯಂದಿರೂ ತಮ್ಮ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೇ ಬಂದಿದ್ದರು. ಗಿರಣಿಯ ಹಿಂದಿನ ಕಣದಲ್ಲಿ ಕುದಿಸಿದ ಭತ್ತವನ್ನು ಒಣಹಾಕಿದ್ದರು. ಹೆಂಗಸರು ಬರಿಗಾಲಿನಲ್ಲಿ ಭತ್ತವನ್ನು ಸರಿಸುತ್ತ ಸಾಲು ಮಾಡುತ್ತಿದ್ದರು. ಅತ್ತೆ ಸ್ವಲ್ಪ ಹೊತ್ತು ನೋಡುತ್ತ ನಿಂತವರು, ಇದ್ದಕ್ಕಿದ್ದಂತೆ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ ಇಳಿದೇಬಿಟ್ಟರು. ಭತ್ತ ಇನ್ನೂ ಬಿಸಿ ಇತ್ತು. ಒಂದು ಕಾಲೆತ್ತಿ ಇನ್ನೊಂದು ಇಡುತ್ತ, "ಯವ್ವಾ, ಸುಡತೈತಲ್ಲಬೇ!" ಎಂದು ಕೂಗಿ ನಕ್ಕರು.

ಅತ್ತೆಯ ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಏರಿದ್ದವು. ಅದಕ್ಕೇ ಅವರು ಫೋಟೋ ಎಂದರೆ ಬಾಯಿ ಬಿಗಿಯುತ್ತಿದ್ದರು, ನಗು ಬಂದರೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಅವರ ಮದುವೆಯ ಫೋಟೋದಲ್ಲೂ ಯಾರೋ ಗದರಿಸಿದ ಹಾಗೆ ಕುಳಿತಿದ್ದಾರೆ. ಈಗ ಸೆರಗು ಸೊಂಟದಲ್ಲಿತ್ತು. ನಾನು ಒಂದು ಗೋಣಿಚೀಲದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು, ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದು, ಹತ್ತಿರ ಹೋಗಿ ತೆಗೆದೆ. ಕಾಲ ಕೆಳಗಿನ ಭತ್ತದ ಮೇಲೇ ಕಣ್ಣಿದ್ದ ಅತ್ತೆಗೆ ನಾನು ಕಾಣಲಿಲ್ಲ. ಹಿಂದಿನ ಗಿರಣಿ, ಹೆಂಗಸರು, ಎಲ್ಲ ಮಂಜಿನಂತೆ ಕರಗಿ, ಮುಂದೆ ಅತ್ತೆಯ ನಗು ಮಾತ್ರ. ಹಲ್ಲಿನ ಮೇಲೆ ಹಲ್ಲು, ಮೂಗುಬೊಟ್ಟಿನ ಮೇಲೆ ಬಿಸಿಲು.

ಆ ಚಿತ್ರವನ್ನು ನಾನೇ ಅವರ ಕೈಗೆ ಕೊಡಬೇಕು. ಹತ್ತು ವರ್ಷದಲ್ಲಿ ನನಗೆ ಬೇಕೆನಿಸಿದ್ದು ಅದೊಂದೇ. ನೀವು ನನ್ನನ್ನು ನೋಡಲಿಲ್ಲ, ನಾನು ನಿಮ್ಮನ್ನು ನೋಡಿದ್ದೇನೆ ಎಂದು ಬಾಯಿಬಿಟ್ಟು ಹೇಳದೆ ಹೇಳಬೇಕು.

"ನಾನು ಕಲರ್ ಲ್ಯಾಬ್ ಕಡೀಗೇ ಹೊಂಟೀನಿ, ಕಾರ್ಡ್ ಕೊಡು ತಂಗೆಮ್ಮ, ಪ್ರಿಂಟ್ ಹಾಕಿಸಿಕೊಂಡು ಬರ್ತೀನಿ," ಎಂದರು ಅಳಿಯಂದಿರು. ಕೊಟ್ಟೆ. ಮೊದಲು ಚಿತ್ರಗಳನ್ನು ಬೇರೆ ಕಡೆ ಇಳಿಸಿಟ್ಟುಕೊಳ್ಳಬೇಕೆಂಬ ಬುದ್ಧಿ ಇರಲಿಲ್ಲ. ಕೈಪಿಡಿಯಲ್ಲಿ ಆ ಪುಟವೂ ಇತ್ತು, ನಾನು ಇನ್ನೂ ಅಲ್ಲಿಗೆ ತಲುಪಿರಲಿಲ್ಲ.

ಮುಂದಿನ ಭಾನುವಾರ ಅವರು ಪೇಢೆ ಹಿಡಿದುಕೊಂಡು ಬಂದರು. ಜೊತೆಗೆ ಬಂಗಾರದ ಬಣ್ಣದ ಚೌಕಟ್ಟಿನಲ್ಲಿ ಅತ್ತೆಯ ನಗು. ಕೆಳಗೆ, ಗಾಜಿನ ಮೇಲೆ, ಅಂಟಿಸಿದ ಹೊಳೆಯುವ ಅಕ್ಷರಗಳಲ್ಲಿ ಅಳಿಯಂದಿರ ಹೆಸರು.

ಅತ್ತೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ನನ್ನನ್ನ ಯಾರೂ ಹಿಂಗ ನೋಡಿದ್ದಿಲ್ಲ ಅಳಿಯಂದ್ರ."

ನನ್ನ ಕೈಯಲ್ಲಿ ಕಾಫಿಯ ತಟ್ಟೆ ಇತ್ತು. "ಅತ್ತಿ, ಅದು..." ಎಂದೆ. ಯಜಮಾನರು ಕಣ್ಣಲ್ಲೇ ಬೇಡ ಎಂದರು. ಅಳಿಯಂದಿರಿಗೆ ಅದು ಕೇಳಿಸಿತ್ತು. ನಕ್ಕು, ಗಾಜನ್ನು ಬೆರಳಿನಿಂದ ತಟ್ಟಿ ಹೇಳಿದರು: "ನೋಡ್ರಿ ಅತ್ತಿ, ಎಲ್ಲಿಯಾದ್ರೂ ಬೊಟ್ಟು ಐತೇನು? ತಂಗೆಮ್ಮ ತೆಗೆದಿದ್ರ ಬೊಟ್ಟು ಇರ್ತಿತ್ತು."

ಎಲ್ಲರೂ ನಕ್ಕರು. ಅತ್ತೆಯೂ. ಸೆರಗು ಅಡ್ಡ ಹಿಡಿದು.

ಕಾರ್ಡನ್ನು ಮರಳಿ ಕೊಟ್ಟಾಗ ಅದು ಖಾಲಿ ಇತ್ತು. "ಲ್ಯಾಬಿನವರು ಏನೋ ಒತ್ತ್ಯಾರ ನೋಡು," ಎಂದರು.

ಆ ದಿನದಿಂದ ನಾನು ಓದಿದ ಹಾಗೆ ಪರೀಕ್ಷೆಗೂ ಓದಿರಲಿಲ್ಲ. ಚುಕ್ಕೆ ಕುರುಗೋಡಿನಲ್ಲಿ ಯಾಕೆ ಬಂತು, ಸಿರುಗುಪ್ಪದಲ್ಲಿ ಯಾಕೆ ಬರಲಿಲ್ಲ? ನೆಟ್ ಸೆಂಟರಿನ ಪ್ರಿಂಟುಗಳಲ್ಲಿ ಉತ್ತರ ಸಿಕ್ಕಿತು. ಲೆನ್ಸಿನ ಒಳಗೆ ನಮ್ಮ ಕಣ್ಣಿನ ಪಾಪೆಯಂತೆ ದೊಡ್ಡದು ಚಿಕ್ಕದು ಆಗುವ ಕಿಂಡಿ ಇರುತ್ತದೆ. ಪೂರ್ತಿ ತೆರೆದರೆ ಕ್ಯಾಮೆರಾದೊಳಗಿನ ಧೂಳು ಕರಗಿ ಮಾಯ. ಬಿಸಿಲಿನಲ್ಲಿ ಕಿರಿದು ಮಾಡಿದಷ್ಟೂ ಧೂಳು ಕರ್ರಗೆ ಮೂಡುತ್ತದೆ. ಕಿಂಡಿಯ ಅಂಕಿ ಇಪ್ಪತ್ತೆರಡಕ್ಕೆ ಇಟ್ಟರೆ ಕಾಡಿಗೆ ಹಚ್ಚಿದ ಹಾಗೆ. ಅಂದರೆ ಆ ಚುಕ್ಕೆ ಬರುವುದು, ಬಾರದಿರುವುದು ನನ್ನ ಹೆಬ್ಬೆರಳಿನ ಮಾತು.

ಕುರುಗೋಡಿನ ಹಿರಿಯರ ಹತ್ತಿರ ಇನ್ನೊಮ್ಮೆ ಹೋದೆ. ಗಾಳಿ ಊದುವ ರಬ್ಬರಿನ ಬುರುಡೆ ಕೈಗೆ ತೆಗೆದುಕೊಂಡರು. "ಬ್ಯಾಡ್ರಿ ಚಾಚಾ, ಇರಲಿ," ಎಂದೆ. ಅವರು ನನ್ನ ಮುಖ ನೋಡಿ, ಬುರುಡೆಯನ್ನು ಮೆಲ್ಲಗೆ ಕೆಳಗಿಟ್ಟರು. "ಯಾರಿಗಮ್ಮಾ?" ಎಂದು ಮಾತ್ರ ಕೇಳಿದರು. ನಾನು ಕ್ಯಾಮೆರಾವನ್ನು ಚೀಲದೊಳಗೆ ಇಟ್ಟೆ. ಚಹಾ ತರಿಸಿದರು.

ಮನೆಗೆ ಬಂದು ಅಭ್ಯಾಸ ಶುರು ಮಾಡಿದೆ. ನಮ್ಮ ತಲೆಬಾಗಿಲಿಗೆ ಕಟ್ಟಿದ್ದ ದೃಷ್ಟಿಯ ಬೂದುಗುಂಬಳಕಾಯಿಯೇ ನನ್ನ ಮೊದಲ ಅಳಿಯ. ಅದನ್ನು ಚೌಕಟ್ಟಿನ ಬಲಗಡೆಗೆ ಕೂರಿಸಿ, ಕಿಂಡಿಯನ್ನು ಕಿರಿದು ಮಾಡಿ, ಚುಕ್ಕೆ ಸರಿಯಾಗಿ ಅದರ ಹೊಟ್ಟೆಯ ಮೇಲೆ ಬೀಳುವವರೆಗೆ ತೆಗೆದೆ. ಮೊದಲು ತೊಟ್ಟಿನ ಮೇಲೆ ಬಿತ್ತು, ಆಮೇಲೆ ಗೋಡೆಯ ಮೇಲೆ. ಒಂದು ವಾರದಲ್ಲಿ ಬೇಕೆಂದ ಕಡೆ ಬೀಳತೊಡಗಿತು. ಅತ್ತೆ ಹೊಸ್ತಿಲು ದಾಟುತ್ತ, "ಕುಂಬಳಕಾಯಿನೂ ನಗಸಾಕ ಹೊಂಟ್ಯೇನು?" ಎಂದರು. ಹತ್ತು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಚೇಷ್ಟೆಯ ಮಾತು ಅದು. ಅಳಿಯಂದಿರ ಚೌಕಟ್ಟು ಮನೆಗೆ ಬಂದ ಮೇಲೆ ಅವರು ಸ್ವಲ್ಪ ಹಗುರಾಗಿದ್ದರು. ಆ ಹಗುರತನವೂ ಅಳಿಯಂದಿರ ಹೆಸರಿಗೇ ಹೋಗಿತ್ತು.

ಅಳಿಯಂದಿರ ಹೊಸ ಮನೆ ಮುಗಿಯುತ್ತ ಬಂತು. ಆಗ ಬಳ್ಳಾರಿಯಲ್ಲಿ ಯಾರಿಗೆ ಏನಾದರೂ ಫ್ಲೆಕ್ಸ್. ಹುಟ್ಟಿದರೆ ಫ್ಲೆಕ್ಸ್, ಕಾರು ಕೊಂಡರೆ ಫ್ಲೆಕ್ಸ್. ಗೃಹಪ್ರವೇಶಕ್ಕೆ ಗೇಟಿನ ಪಕ್ಕ ಆಳೆತ್ತರದ ಎರಡು ಪಟ್ಟು ಫ್ಲೆಕ್ಸ್ ನಿಲ್ಲಬೇಕು, ಅದರಲ್ಲಿ ಮನೆಯ ಮುಂದೆ ಅವರು ನಿಂತಿರಬೇಕು. ತಮ್ಮ ಕ್ಯಾಮೆರಾವನ್ನು ನನ್ನ ಕೈಗೆ ಕೊಡಲು ಬಂದರು.

"ಅದು ನನಗ ಭಾರ ಆಕ್ಕೈತ್ರಿ ಅಣ್ಣಾರ. ನನ್ನದರಾಗ ತೆಗೀತೀನಿ."

"ಬೊಟ್ಟು?"

"ಕುರುಗೋಡಿನಾಗ ಸ್ಟುಡಿಯೋದವರಿಗೆ ತೋರಿಸೀನ್ರಿ," ಎಂದೆ. ಒಂದಕ್ಷರವೂ ಸುಳ್ಳಲ್ಲ. ಕಾನ್ವೆಂಟಿನವರು ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಎಡಗಡೆಗೆ ಮನೆ, ಬಲಗಡೆಗೆ ಅವರು. ಹೊಸ ಜುಬ್ಬಾ, ಕೊರಳಲ್ಲಿ ಸರ, ಆ ಸರದ ಮೇಲೆ ಕ್ಯಾಮೆರಾ. "ಇನ್ನೊಂದೀಟು ಈ ಕಡೀಗೆ ಬರ್ರಿ. ಕೆನ್ನಿ ಸ್ವಲ್ಪ ಎತ್ರಿ. ಹಾಂ, ನಗ್ರಿ." ಕಿಂಡಿ ಇಪ್ಪತ್ತೆರಡಕ್ಕೆ. ಹನ್ನೆರಡು ಚಿತ್ರ ತೆಗೆದೆ, ಒಂದನ್ನು ಆರಿಸಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಅವರಿಗೆ ತಮ್ಮ ಮನೆ ಕಂಡಿತು, ತಮ್ಮ ಸರ ಕಂಡಿತು. "ಭಾರಿ ಬಂದೈತಿ ತಂಗೆಮ್ಮ," ಎಂದರು. ಆ ಒಂದನ್ನು ಸೀಡಿಗೆ ಹಾಕಿ ಕೊಟ್ಟೆ. ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಿ, ಇನ್ನೊಂದು ಸೀಡಿಗೂ ಹಾಕಿ ಇಟ್ಟುಕೊಂಡೆ. ಕೈಪಿಡಿಯ ಆ ಪುಟವನ್ನು ಈಗ ಓದಿದ್ದೆನಲ್ಲ.

ಗೃಹಪ್ರವೇಶದ ದಿನ ನಾನು ಬೇಗ ಹೋಗಿ ಅಡುಗೆಯವರ ಕಡೆ ನಿಂತೆ. ಅತ್ತೆಯ ಚೌಕಟ್ಟನ್ನು ಅಳಿಯಂದಿರು ಹಿಂದಿನ ದಿನವೇ ತರಿಸಿ, ಜನ ನೋಡಲೆಂದು ನಡುಮನೆಯ ಗೋಡೆಗೆ ಹಾಕಿಸಿದ್ದರು. ಬಂದವರೆಲ್ಲ ಅದರ ಮುಂದೆ ನಿಂತು ಅವರ ಕೈ ಕುಲುಕುತ್ತಿದ್ದರು. ಅಷ್ಟರಲ್ಲಿ ಹೊರಗೆ ಫ್ಲೆಕ್ಸ್ ಎದ್ದು ನಿಂತಿತು. ಮೊದಲು ಒಬ್ಬಳ ನಗು ಕೇಳಿತು. ಆಮೇಲೆ ಇಡೀ ಓಣಿಯದು.

ಅಳಿಯಂದಿರ ಕೆನ್ನೆಯ ಮೇಲೆ, ಸರಿಯಾಗಿ ನಡುವೆ, ಪೂರಿಯಷ್ಟು ದೊಡ್ಡದು, ಕಾಡಿಗೆಗಿಂತ ಕಪ್ಪು.

"ಅಯ್ಯ ನನ್ನ ಕಂದ! ದೃಷ್ಟಿ ಆಗಬಾರದಂತ ಬೊಟ್ಟು ಇಟ್ಕೊಂಡಾನ!" ಎಂದು ಒಬ್ಬ ಮುದುಕಿ ಎರಡೂ ಕೈಯಿಂದ ನಿವಾಳಿಸಿ ನೆಟಿಗೆ ಮುರಿದಳು.

ಅಳಿಯಂದಿರು ಫ್ಲೆಕ್ಸ್ ಅಂಗಡಿಯವನಿಗೆ ಫೋನ್ ಹಚ್ಚಿ ನಡುಮನೆಯಲ್ಲಿ ನಿಂತು ಕೂಗಾಡಿದರು. ಸ್ಪೀಕರಿನಲ್ಲಿ ಅವನ ದನಿ ಎಲ್ಲರಿಗೂ ಕೇಳಿತು: "ಹೊಸಾ ಮನಿ ಅಲ್ರೀ ಸಾರ್, ದೃಷ್ಟಿಬೊಟ್ಟು ಅಂತ ತಿಳಕೊಂಡೆ. ಸ್ವಲ್ಪ ಮಸುಕಿತ್ತು, ನಾನೇ ಚೆಂದಂಗ ಕರ್ರಗ ಮಾಡೀನ್ರಿ. ದುಡ್ಡೇನೂ ಜಾಸ್ತಿ ಹಚ್ಚಿಲ್ಲ."

ಆ ಉಡುಗೊರೆಯನ್ನು ನಾನು ಎಣಿಸಿರಲಿಲ್ಲ.

ಯಾರೋ ನೆಂಟರು ಕೆಣಕಿದರು: "ಇಷ್ಟು ದೊಡ್ಡ ಫೋಟೋಗ್ರಾಫರು, ತಮ್ಮ ಫೋಟೋನ ಹಿಂಗ ತೆಕ್ಕೊಂಡಾರಲ್ಲ!"

ಈಗ ನನ್ನ ಸರದಿ. ಪಾಯಸದ ಲೋಟಗಳ ತಟ್ಟೆ ಹಿಡಿದು ಮುಂದೆ ಬಂದು, ಬಹಳ ಮೆತ್ತಗೆ ಹೇಳಿದೆ: "ನಿಮ್ಮ ಕ್ಯಾಮೆರಾದಾಗ ತೆಗೆದಿದ್ರ ಬೊಟ್ಟು ಬರ್ತಿದ್ದಿಲ್ಲ ಬಿಡ್ರಿ ಅಣ್ಣಾರ. ನಿಮಗ ರೂಢಿ ಐತಿ."

"ಯಾವ ರೂಢಿ?" ಅವರು ನನ್ನ ಮೇಲೆ ತಿರುಗಿದರು. "ನನ್ನ ಕ್ಯಾಮೆರಾ ಯಾಕ ನಡುವ ತರ್ತಿ? ತಂದಾಗಿಂದ ಅದರಾಗ ಒಂದು ಫೋಟೋ ತೆಗೆದಿಲ್ಲ ನಾನು! ಎಲ್ಲಿ ಒತ್ತಬೇಕಂತನೂ ಗೊತ್ತಿಲ್ಲ, ಸುಮ್ನ ಕೊಳ್ಳಾಗ ಹಾಕ್ಕೊಂಡು ತಿರುಗೀನಿ! ಇದೆಲ್ಲಾ ನಿಂದ ಕೆಲಸ!"

ಅತ್ತೆ ಕುರ್ಚಿಯಿಂದ ಎದ್ದರು.

"ಒಂದೂ ತೆಗೆದಿಲ್ಲೇನು ಅಳಿಯಂದ್ರ?"

ಅಳಿಯಂದಿರಿಗೆ ಆಗ ತಿಳಿಯಿತು. ಗೋಡೆಯ ಮೇಲಿನ ಚೌಕಟ್ಟಿನ ಕಡೆ ತಿರುಗಿದರು.

"ಹಂಗಾದ್ರ ಕಣದಾಗ ನನ್ನನ್ನ ನೋಡಿದವರು ಯಾರು?"

ಅತ್ತೆ ನಡುಮನೆಯಲ್ಲಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಕೊನೆಗೆ ನನ್ನ ಹತ್ತಿರ ನಿಂತರು. ತಟ್ಟೆಯನ್ನಲ್ಲ, ನನ್ನ ಮುಖವನ್ನು ನೋಡಿದರು.

ಸಂಜೆ ನಾವು ಮನೆಗೆ ಹೊರಟಾಗ ಅತ್ತೆ ಆ ಚೌಕಟ್ಟನ್ನು ಗೋಡೆಯಿಂದ ಇಳಿಸಿ, ಸೆರಗಿನಲ್ಲಿ ಸುತ್ತಿ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡರು. ನಾದಿನಿ ಅಳುತ್ತಿದ್ದಳು. ಅವಳಿಗಾಗಿ ನನಗೆ ಮರುಕವಾಯಿತು, ಅವಳ ಗಂಡನಿಗಾಗಿ ಇಲ್ಲ. ಕಾನ್ವೆಂಟಿನಲ್ಲಿ ಕೆನ್ನೆಯ ಬಗ್ಗೆ ಬೇರೆಯೇ ಪಾಠ ಹೇಳಿದ್ದರು, ಒಂದಕ್ಕೆ ಹೊಡೆದರೆ ಇನ್ನೊಂದನ್ನು ಕೊಡು ಎಂದು. ಆ ಪಾಠದಲ್ಲಿ ನಾನು ಫೇಲಾದೆ. ಈಗಲೂ ಮತ್ತೆ ಕುಳಿತು ಬರೆಯುವ ಮನಸ್ಸಿಲ್ಲ.

ಮನೆಯಲ್ಲಿ ಅತ್ತೆ ಅಡಕೊತ್ತು ತೆಗೆದುಕೊಂಡು ಚೌಕಟ್ಟಿನ ಮುಂದೆ ಕುಳಿತರು. ಗಾಜಿನ ಮೇಲಿನ ಹೊಳೆಯುವ ಅಕ್ಷರಗಳನ್ನು ಒಂದೊಂದಾಗಿ ಕೆರೆದು, ಎಲೆ ಅಡಿಕೆಯ ತಟ್ಟೆಯ ಅಂಚಿಗೆ ಗುಡ್ಡೆ ಹಾಕಿದರು. ಅರ್ಧ ಹೆಸರು ಹೋದ ಮೇಲೆ ತಲೆ ಎತ್ತದೆ ಕೇಳಿದರು:

"ಆ ಬೊಟ್ಟು ಬೇಕಂತನ ಇಟ್ಟ್ಯೇನು?"

"ಹೌದ್ರಿ ಅತ್ತಿ."

ಇನ್ನೊಂದು ಅಕ್ಷರ ಕೆರೆದರು.

"ಎರಡೂ ಕೆನ್ನಿಗೆ ಇಡಬೇಕಾಗಿತ್ತು."

"ಇದ್ದದ್ದು ಒಂದೇ ಧೂಳ್ರಿ ಅತ್ತಿ," ಎಂದೆ.

ಅತ್ತೆ ನಕ್ಕರು. ಒಂದು ಕೈಯಲ್ಲಿ ಅಡಕೊತ್ತು, ಇನ್ನೊಂದರಲ್ಲಿ ಚೌಕಟ್ಟು. ಸೆರಗು ಅಡ್ಡ ಹಿಡಿಯಲು ಕೈ ಖಾಲಿ ಇರಲಿಲ್ಲ.